ತಂಗಿಯ ಹೆಸರಿನಲ್ಲಿ ಓಡಿದ ಕಮಾಂಡ್

ಕೊರೋನಾ ಮುಗಿದ ಮರುವರ್ಷ ನಾನು ಸಾಗರದ ಒಂದು ಖಾಸಗಿ ಆರೋಗ್ಯ ಟ್ರಸ್ಟಿನ ಕಂಪ್ಯೂಟರ್ ವಿಭಾಗದಲ್ಲಿ ಸಹಾಯಕನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಕಲಿಸಿದವಳು ತಂಗಿ ಸುಜಾತ. ವಿಭಾಗದ ಹೊಣೆ ಅವಳದೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷದ ಮದ್ದು ಎಷ್ಟಿದೆ ಎಂದು ತೋರಿಸುವ ತಂತ್ರಾಂಶವನ್ನು ನಾವು ನಡೆಸುತ್ತಿದ್ದೆವು.

ಅದರ ಒಂದೊಂದು ಭಾಗವೂ ಒಂದೊಂದು ಕಂಟೇನರ್‌ನಲ್ಲಿ, ಅಂದರೆ ತನಗೆ ಬೇಕಾದ ಸಾಮಾನನ್ನೆಲ್ಲ ತಾನೇ ಕಟ್ಟಿಕೊಂಡ ಪೊಟ್ಟಣದಲ್ಲಿ ಇರುತ್ತಿತ್ತು. ಆ ಪೊಟ್ಟಣಗಳನ್ನು ಓಡಿಸುವ ಯಂತ್ರಗಳ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ನಮ್ಮಲ್ಲಿ ಎರಡಿದ್ದವು: ಪರೀಕ್ಷೆಗೊಂದು, ಆಸ್ಪತ್ರೆಗಳು ಬಳಸುವ ಮುಖ್ಯದ್ದೊಂದು. ಎಲ್ಲವನ್ನೂ ಕಪ್ಪು ಪರದೆಯಲ್ಲಿ ಕಮಾಂಡ್, ಅಂದರೆ ಆಜ್ಞೆ, ಟೈಪ್ ಮಾಡಿಯೇ ನಡೆಸಬೇಕು. ಕ್ಲಸ್ಟರಿನ ಜೊತೆ ಮಾತಾಡಲು ಕ್ಯೂಬ್‌ಸಿಟಿಎಲ್, ತಂತ್ರಾಂಶವನ್ನು ಇಡಿಯಾಗಿ ಕೂರಿಸಲು ಅಥವಾ ಕೀಳಲು ಹೆಲ್ಮ್. ಎರಡರಲ್ಲಿ ಯಾವ ಕ್ಲಸ್ಟರಿಗೆ ಕಮಾಂಡ್ ಹೋಗಬೇಕು ಎಂಬುದನ್ನು ಕಾಂಟೆಕ್ಸ್ಟ್ ಎಂಬ ಗುರುತು ಹೇಳುತ್ತದೆ. ಯಾರಿಗೆ ಎಷ್ಟು ಅಧಿಕಾರ ಎಂಬುದು ಅವರವರ ಕೀಲಿ ಫೈಲ್‌ನಲ್ಲಿರುತ್ತದೆ.

ನನ್ನ ಕೀಲಿ ಪರೀಕ್ಷಾ ಕ್ಲಸ್ಟರಿಗೆ ಮಾತ್ರ. ಒಮ್ಮೆ ಸುಜಾತ ಜ್ವರದಿಂದ ಮಲಗಿದ್ದಾಗ ತುರ್ತಿಗೆಂದು ತನ್ನ ಕೀಲಿಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ಹುಷಾರಾದ ಮೇಲೆ ಅಳಿಸಲು ಹೇಳಿದಳು. ನಾನು ಅಳಿಸಲಿಲ್ಲ. ನಮ್ಮ ಮನೆಯಲ್ಲಿ ಛತ್ರಿ, ಬೈಕು, ಚಪ್ಪಲಿ ಯಾವುದಕ್ಕೂ ನಿನ್ನದು ನನ್ನದು ಎಂಬುದಿರಲಿಲ್ಲ. ಇದೂ ಹಾಗೇ ಎಂದುಕೊಂಡೆ.

ಒಂದು ಸೋಮವಾರ ಬೆಳಿಗ್ಗೆ ಕುತೂಹಲಕ್ಕೆ ಕಾಂಟೆಕ್ಸ್ಟ್ ಬದಲಿಸಿ ಅವಳ ಕೀಲಿಯಿಂದ ಮುಖ್ಯ ಕ್ಲಸ್ಟರನ್ನು ಇಣುಕಿ ನೋಡಿದೆ. ಆಮೇಲೆ ಪರೀಕ್ಷಾ ಕ್ಲಸ್ಟರಿನ ಹಳೆಯ ಆವೃತ್ತಿ ಕೀಳುವ ಕೆಲಸಕ್ಕೆ ಕೂತೆ. ಕಾಂಟೆಕ್ಸ್ಟನ್ನು ವಾಪಸು ಬದಲಿಸುವುದು ಮರೆತು ಹೆಲ್ಮ್ ಅನ್‌ಇನ್‌ಸ್ಟಾಲ್ ಹೊಡೆದೆ. ಕಿತ್ತುಹೋದದ್ದು ಮುಖ್ಯ ಕ್ಲಸ್ಟರಿನ ತಂತ್ರಾಂಶ, ಮಾಹಿತಿಯ ಸಮೇತ.

ಸ್ವಲ್ಪ ಹೊತ್ತಿಗೆ ಹೊಸನಗರದ ನರ್ಸ್ ಒಬ್ಬರ ಫೋನ್ ಬಂತು. "ಪರದೆ ಖಾಲಿ ಮಾರಾಯ್ರೆ. ನಿಟ್ಟೂರು ಕಡೆಯವ್ರಿಗೆ ಕೊಳಕುಮಂಡಲ ಕಚ್ಚಿದೆ, ನಮ್ಮಲ್ಲಿ ಮದ್ದು ಸಾಲಲ್ಲ. ಸಾಗರಕ್ಕೆ ಕಳಿಸ್ಲಾ, ತೀರ್ಥಹಳ್ಳಿಗಾ?"

ಸುಜಾತ ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡುತ್ತಲೇ ತಂತ್ರಾಂಶವನ್ನು ಮತ್ತೆ ಕೂರಿಸಿದಳು, ಬ್ಯಾಕಪ್‌ನಿಂದ ಮಾಹಿತಿ ತುಂಬಿದಳು. ಮದ್ದು ತೀರ್ಥಹಳ್ಳಿಯಲ್ಲಿತ್ತು. ಕಚ್ಚಿಸಿಕೊಂಡ ಹೆಂಗಸು ಬದುಕಿದರು.

ಎಲ್ಲ ಮುಗಿದ ಮೇಲೆ ತಂಗಿ ಕೇಳಿದಳು, "ಅಣ್ಣ, ನೀನೇನಾದ್ರೂ ಮುಟ್ದ್ಯಾ?"

"ಇಲ್ಲ ಮಾರಾಯ್ತಿ. ನಾ ಟೆಸ್ಟಲ್ಲಿದ್ದೆ" ಎಂದು ಗೊತ್ತಿದ್ದೇ ಸುಳ್ಳು ಹೇಳಿದೆ.

ಮರುದಿನ ಮೀಟಿಂಗ್. ಯಾರು ಯಾವ ಕಮಾಂಡ್ ಕೊಟ್ಟರೆಂದು ಕ್ಲಸ್ಟರೇ ಬರೆದಿಡುವ ದಾಖಲೆಗೆ ಲಾಗ್ ಎನ್ನುತ್ತಾರೆ. ಅದರಲ್ಲಿದ್ದದ್ದು ಸುಜಾತಳ ಹೆಸರು. ಟ್ರಸ್ಟಿನ ವ್ಯವಸ್ಥಾಪಕ ಪ್ರಭಾಕರ ಸರ್ ಕೇಳಿದರು, "ನಿಮ್ಮ ಕೀಲಿ ಬೇರೆ ಯಾರ ಹತ್ರನಾದ್ರೂ ಇದ್ಯೇನಮ್ಮ?"

ಅವಳು ಮುಂದಿದ್ದ ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಆಮೇಲೆ, "ಕೀಲಿ ನಂದು ಸರ್. ಜವಾಬ್ದಾರಿನೂ ನಂದೇ" ಎಂದಳು.

ಅವಳನ್ನು ಮುಖ್ಯ ಕ್ಲಸ್ಟರಿನಿಂದ ತೆಗೆದರು. ಕಮಾಂಡ್ ಗೊತ್ತಿದ್ದ ಇನ್ನೊಬ್ಬ ನಾನೇ ಆದ್ದರಿಂದ ಆ ಜಾಗ ನನಗೆ ಬಂತು. ನಾನು ಒಪ್ಪಿಕೊಂಡೆ. ಅವಳು ಕೆಲಸ ಬಿಟ್ಟು ತೀರ್ಥಹಳ್ಳಿಯ ಶಾಲೆಯೊಂದಕ್ಕೆ ಕಂಪ್ಯೂಟರ್ ಟೀಚರ್ ಆಗಿ ಹೋದಳು.

ಹೊಸ ಹುದ್ದೆಯಲ್ಲಿ ಲಾಗ್ ಓದುವುದೂ ನನ್ನ ಪಾಲಿಗೆ ಬಂತು. ಹೆಸರಿನ ಜೊತೆಗೆ, ಕಮಾಂಡ್ ಎಂಥ ಯಂತ್ರದಿಂದ ಬಂತು ಎಂಬುದೂ ಅದರಲ್ಲಿರುತ್ತದೆ. ಆ ಸೋಮವಾರದ ಸಾಲಿನಲ್ಲಿ ವಿಂಡೋಸ್ ಎಂದಿತ್ತು. ಸುಜಾತಳ ಯಂತ್ರ ಓಡುತ್ತಿದ್ದದ್ದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ. ವಿಂಡೋಸ್ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಆ ಸಾಲು ಓದಿದ ವಾರದ ಭಾನುವಾರವೇ ತೀರ್ಥಹಳ್ಳಿಗೆ ಹೋಗಿ ಸುಜಾತಳನ್ನು ಕೇಳಿದೆ, "ನಿಂಗೆ ಅವತ್ತೇ ಗೊತ್ತಿತ್ತಾ?"

"ಮೀಟಿಂಗಿಗೆ ಮೊದ್ಲೇ ಓದಿದ್ದೆ. ನಿಂಗೆ ಆ ಸಾಲು ಓದಕ್ಕೆ ಇಷ್ಟು ದಿನ ಬೇಕಾಯ್ತಲ್ಲ, ನಾ ಎಂತ ಕಲಿಸಿದ್ದೋ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ." ಚಹಾ ಲೋಟ ನನ್ನ ಕಡೆ ಸರಿಸಿದಳು. "ಆ ಕೀಲಿ ಈಗ್ಲಾದ್ರೂ ಅಳಿಸಿದ್ಯಾ?"

ಮರುದಿನ ಪ್ರಭಾಕರ ಸರ್‌ಗೆ ಎಲ್ಲ ಹೇಳಿದೆ. ಅವರು ಸುಜಾತಳನ್ನು ವಾಪಸು ಕರೆದರು. ಅವಳು ಬರಲಿಲ್ಲ. ನನ್ನ ಬಳಿ ಈಗ ಪರೀಕ್ಷಾ ಕ್ಲಸ್ಟರಿನ ಕೀಲಿ ಮಾತ್ರ ಇದೆ; ಅದು ಸರಿಯೇ.

ಹೊಸಬರಿಗೆ ಕಾಂಟೆಕ್ಸ್ಟ್ ನೋಡಿ ಕಮಾಂಡ್ ಹೊಡೆಯಿರಿ ಎಂದು ಯಾರಾದರೂ ಕಲಿಸುತ್ತಾರೆ. ನಾನು ಕಲಿಸುವುದು ಅದರ ನಂತರದ್ದು: ತಪ್ಪು ಹೊಡೆದಿರೋ, ಪಕ್ಕದವರು ಕೇಳುವ ಮೊದಲೇ ಬಾಯಿಬಿಟ್ಟು ಹೇಳಿ. ಹೆಲ್ಮ್ ಕಿತ್ತದ್ದನ್ನು ಸುಜಾತ ಮಧ್ಯಾಹ್ನದೊಳಗೆ ಮತ್ತೆ ಕೂರಿಸಿದ್ದಳು. ಅವಳ ಕುರ್ಚಿಗೆ ಅವಳನ್ನು ಮತ್ತೆ ಕೂರಿಸಲು ನನ್ನಿಂದ ಆಗಲಿಲ್ಲ.