ಪುಟ ಮುಗಿದ ಬೀಟ್ ಪುಸ್ತಕ

ಆ ಪುಸ್ತಕದ ರಟ್ಟು ಕೆಂಪಗಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಕಂದು ಇದ್ದಿರಬಹುದು. ಆ ದಿನಗಳಲ್ಲಿ ನನಗೆ ಎಲ್ಲವೂ ಕೆಂಪಗೇ ಕಾಣುತ್ತಿತ್ತು. ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಎಪ್ಪತ್ತರ ಆಸುಪಾಸು, ಬ್ರಹ್ಮಾವರದ ಪೇಟೆಯಲ್ಲಿ ಅಪ್ಪಯ್ಯನ ಬಾಡಿಗೆ ಸೈಕಲ್ಲಿನ ಅಂಗಡಿ, ಅದರ ಕಂಬಕ್ಕೆ ಹೊಡೆದ ತಗಡಿನ ಡಬ್ಬಿ, ಡಬ್ಬಿಯೊಳಗೆ ಪೊಲೀಸರ ಬೀಟ್ ಪುಸ್ತಕ.

ಒಂದೇ ವಾರ ಎರಡು ಸೈಕಲ್ ಕಳುವಾದ ಮೇಲೆ ಠಾಣೆಯವರು ಅದನ್ನು ಅಲ್ಲಿಟ್ಟಿದ್ದರು. ಬಸ್ ಸ್ಟ್ಯಾಂಡು, ದೇವಸ್ಥಾನ, ಮೀನು ಮಾರ್ಕೆಟ್ಟು, ನಮ್ಮ ಅಂಗಡಿ, ಹೀಗೆ ನಾಲ್ಕು ಕಡೆ ಪುಸ್ತಕ. ಹಗಲು ಬೀಟಿನ ಪೊಲೀಸ್ ದಿನಕ್ಕೆ ಎರಡು ಸಲ ಎಲ್ಲ ಕಡೆಗೂ ಹೋಗಿ, ಬಂದ ಗಂಟೆ ಬರೆದು ರುಜು ಹಾಕಬೇಕು.

ನಮ್ಮ ಬೀಟಿಗೆ ಬಂದ ಪೊಲೀಸ್ ಘಟ್ಟದ ಮೇಲಿನವರು. ಖಾಕಿ ಚಡ್ಡಿ, ಬಿಸಿಲಿಗೆ ಸುಟ್ಟ ಮೊಣಕಾಲು. ಮಧ್ಯಾಹ್ನ ಒಂದರಿಂದ ಮೂರು ಗಂಟೆವರೆಗೆ ಅಪ್ಪಯ್ಯ ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ಅಷ್ಟು ಹೊತ್ತು ಅಂಗಡಿ ನನ್ನದು. ಟ್ಯೂಬಿಗೆ ತೇಪೆ ಹಾಕುತ್ತಾ ಕೂತಿದ್ದೆ.

"ಒಂದು ಲೋಟ ನೀರು ಸಿಗುತ್ತೇನ್ರೀ?"

"ಇಲ್ಲಿ ಎಲ್ಲಾ ಬಾಡಿಗೆಗೆ."

"ನೀರೂನಾ?"

"ಪೊಲೀಸ್ರಿಗೆ ಮಾತ್ರ."

ಮೊದಲ ದಿನವೇ ಇಷ್ಟು ಮಾತಾಡಿದೆನೋ, ಮೂರು ದಿನದ ಮಾತನ್ನು ಒಂದಕ್ಕೆ ಸೇರಿಸಿದ್ದೇನೋ ಗೊತ್ತಿಲ್ಲ. ಅವರು ನಕ್ಕದ್ದು ಮಾತ್ರ ನಿಜ, ಮರುದಿನ ಮೂರು ಸಲ ಬಂದದ್ದೂ ನಿಜ. ಪೊಲೀಸಿನವನು ಸುಮ್ಮನೆ ಅಂಗಡಿ ಮುಂದೆ ನಿಂತರೆ ಪೇಟೆಯೇ ನೋಡುತ್ತದೆ. ಪುಸ್ತಕ ತೆರೆದು ಬಗ್ಗಿ ನಿಂತರೆ ಅದು ಡ್ಯೂಟಿ, ಯಾರೂ ಕೇಳುವುದಿಲ್ಲ. ಹಾಗಾಗಿ ಮಾತಾಡಬೇಕೆನಿಸಿದಾಗಲೆಲ್ಲ ಅವರು ಒಂದು ರುಜು ಹಾಕಿದರು. ಒಂದು ಗಂಟೆ ಹತ್ತು. ಒಂದೂವರೆ. ಎರಡು. ಎರಡೂಕಾಲು.

"ಉಳಿದ ಮೂರ್ ಪುಸ್ತಕದ್ ಕಥಿ ಎಂತ?" ಎಂದು ಒಮ್ಮೆ ಕೇಳಿದೆ.

"ಅಲ್ಲೆಲ್ಲ ಕಳ್ಳರಿಲ್ಲ ಕಣ್ರೀ."

ಮದುವೆಯ ಮಾತನ್ನು ಯಾರು ಮೊದಲು ಎತ್ತಿದ್ದು? ನಾನೇ ಇರಬೇಕು, ಯಾಕೆಂದರೆ ಅವರಿಗೆ ಅಪ್ಪಯ್ಯನ ಹೆದರಿಕೆ. ನನಗೂ. "ಪೊಲೀಸ್ರಿಗೆ ಹೆಣ್ ಕೊಡೂದಂದ್ರೆ ಮಗಳ್ನ ವರ್ಷಕ್ಕೊಂದ್ ಊರಿಗ್ ಕಳ್ಸೂದ್," ಎಂದು ಅಪ್ಪಯ್ಯ ಯಾರದೋ ಸಂಬಂಧದ ಬಗ್ಗೆ ಹೇಳಿದ್ದನ್ನು ನಾನು ಕೇಳಿದ್ದೆ.

ನಮಗೆ ಹೊಳೆಯದೇ ಹೋದದ್ದು ಒಂದೇ: ಪುಸ್ತಕಕ್ಕೆ ಪುಟಗಳಿರುತ್ತವೆ. ವರ್ಷವಿಡೀ ಬರಬೇಕಾದ ಪುಸ್ತಕ ಮಳೆಗಾಲ ಮುಗಿಯುವ ಮೊದಲೇ ತುಂಬಿತು. ಅದನ್ನು ಕಂಡು ಅಪ್ಪಯ್ಯನಿಗೆ ಹೆಮ್ಮೆಯೋ ಹೆಮ್ಮೆ. "ಇಡೀ ಪೇಟ್ಯಲ್ ನಮ್ ಅಂಗ್ಡಿಗೇ ಜಾಸ್ತಿ ಕಾವಲ್!" ಎಂದವರೇ ಅದನ್ನು ಬಗಲಲ್ಲಿಟ್ಟುಕೊಂಡು, ನಾನು ತಡೆಯುವಷ್ಟರಲ್ಲಿ, ಹೊಸದು ಕೊಡಿ ಎಂದು ಠಾಣೆಗೇ ಹೋಗಿಬಿಟ್ಟರು.

ಮರುದಿನ ಸಬ್ ಇನ್ಸ್‌ಪೆಕ್ಟರರು ಆ ಪುಸ್ತಕ ಹಿಡಿದು ಅಂಗಡಿಗೆ ಬಂದರು. ಹಿಂದೆ ಇವರು, ನೆಲ ನೋಡುತ್ತಾ.

"ಯಜಮಾನ್ರೇ, ಮಧ್ಯಾಹ್ನ ಅಂಗಡಿಯಲ್ಲಿ ಯಾರಿರ್ತಾರೆ?"

"ನನ್ ಮಗ್ಳ್, ಸಾರ್."

"ಏನಮ್ಮಾ, ಇದರಲ್ಲಿ ಬರೆದ ಹೊತ್ತಿಗೆಲ್ಲ ಇವನು ಬಂದಿದ್ದನೋ, ಒಂದೇ ಸಲ ಕೂತು ಸುಳ್ಳು ರುಜು ಗೀಚಿದ್ದೋ? ಸುಳ್ಳಾದರೆ ಇವನ ಕೆಲಸ ಇವತ್ತಿಗೇ ಮುಗೀತು."

ಇಲ್ಲ ಎಂದರೆ ಅವರ ಕೆಲಸ ಹೋಗುತ್ತದೆ. ಹೌದು ಎಂದರೆ, ದಿನಕ್ಕೆ ನಾಲ್ಕೈದು ಸಲ, ಅದೂ ಅಪ್ಪಯ್ಯ ಇಲ್ಲದ ಹೊತ್ತಿಗೇ ಯಾಕೆ ಬಂದರು ಎಂಬುದು ಅಪ್ಪಯ್ಯನ ಎದುರೇ ಬಯಲಾಗುತ್ತದೆ. ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟು ಎದ್ದು ನಿಂತೆ. ಹೆದರಿಕೆಯಿಂದಲ್ಲ ಎಂದು ಈಗಲೂ ವಾದಿಸುತ್ತೇನೆ.

"ನನ್ನ ಕಾಂಬುಕೆ ಬತ್ತಿದ್ರ್," ನನ್ನನ್ನು ನೋಡಲೆಂದೇ ಬರುತ್ತಿದ್ದರು, ಎಂದು ತಲೆ ಎತ್ತಿ ಹೇಳಿದೆನೆಂದು ನನ್ನ ನೆನಪು. ಪಕ್ಕದಂಗಡಿಯ ಟೈಲರ್ ಪ್ರಕಾರ ನಾನು ಹೇಳಿದ್ದು, "ಬಂದಿದ್ರ್ ಸಾರ್, ಎಲ್ಲಾ ಸಲವೂ ಬಂದಿದ್ರ್," ಎಂದಷ್ಟೇ. ಟೈಲರ್ ಹೇಳಿದ್ದೇ ಸರಿ ಇರಬೇಕು. ನನ್ನದು ತೀರಾ ಚೆಂದವಾಗಿದೆ.

ಸಬ್ ಇನ್ಸ್‌ಪೆಕ್ಟರರು ಮೀಸೆಯೊಳಗೇ ನಕ್ಕರು. "ಕೆಲಸ ಉಳೀತು ಕಣಯ್ಯಾ. ಆದರೆ ಒಂದು ಕಂಬ ಕಾಯೋಕೆ ಸರ್ಕಾರ ನಿನ್ನನ್ನ ಇಟ್ಕೊಂಡಿಲ್ಲ." ಆ ವಾರವೇ ಅವರನ್ನು ಬೈಂದೂರಿಗೆ ಹಾಕಿದರು.

ಅಪ್ಪಯ್ಯ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ಬೆಳಿಗ್ಗೆ ಯಾವುದೋ ಸೈಕಲ್ಲಿನ ಚೈನು ಎಳೆಯುತ್ತಾ, ತಲೆ ಎತ್ತದೆ ಕೇಳಿದರು.

"ಅಷ್ಟ್ ಸಲ ಬಂದವ್ನಿಗೆ ನನ್ನತ್ರ ಒಂದ್ ಮಾತ್ ಕೇಂಬುಕೆ ಎಂತ ಆಯಿತ್?"

"ಕೇಂಡ್ರೆ ನೀವ್ ಇಲ್ಲ ಅಂತಿದ್ರಿ."

"ಅಂತಿದ್ದೆ." ಚೈನು ಕೂತಿತು. "ನೀ ಒಂದ್ ಸುಳ್ ಹೇಳಿದ್ರೆ ಅವ್ನ ಕೆಲ್ಸ ಹೋತಿತ್ತ್, ನಿನ್ ಮರ್ಯಾದಿ ಉಳೀತಿತ್ತ್. ನೀ ಹೇಳ್ಲಿಲ್ಲ. ಹಾಂಗಾರೆ ಬರ್ಲಿ. ಬಂದ್ ಕೇಣ್ಲಿ."

"ಯಾವತ್ತ್ ಅಪ್ಪಯ್ಯ?"

"ನಾನ್ ಮನಸ್ ಬದ್ಲ್ ಮಾಡೂದ್ರೊಳ್ಗೆ."

ಕಾಗದ ಹಾಕಿದರೆ ಠಾಣೆಯಲ್ಲಿ ಯಾರಾದರೂ ಒಡೆದು ಓದುತ್ತಾರೆ. ಕೈಗೆ ಹತ್ತಿದ, ತೇಪೆ ಅಂಟಿಸುವ ಸಲ್ಯೂಷನ್ ಕೂಡ ತೊಳೆಯದೆ ಬಸ್ಸು ಹತ್ತಿದೆ. ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯಲ್ಲಿ ಕಡಲು ಕಂಡಿರಲೇಬೇಕು, ನನಗೆ ಅದರ ನೆನಪೇ ಇಲ್ಲ. ಡ್ರೈವರನ ಬೆನ್ನು ಮಾತ್ರ ನೆನಪಿದೆ. ಇವನು ಯಾಕೆ ಇಷ್ಟು ನಿಧಾನ!

ಬೈಂದೂರಿನ ಬಸ್ ಸ್ಟ್ಯಾಂಡಿನಲ್ಲೇ ಅವರು ಡ್ಯೂಟಿಯಲ್ಲಿದ್ದರು. ನನ್ನನ್ನು ಕಂಡು ಮುಖ ಬಿಳಿಚಿತು.

"ಏನಾಯ್ತ್ರೀ?"

"ಅಪ್ಪಯ್ಯ ಬಪ್ಕ್ ಹೇಳಿರ್. ಹೆಣ್ ಕೇಂಬುಕೆ."

"ಯಾವತ್ತು?"

"ಈ ಬಸ್ಸಿಗೇ."

"ಡ್ಯೂಟಿ ಇದೆ, ಪರ್ಮಿಶನ್ ಕೇಳ್ಬೇಕು, ಯೂನಿಫಾರ್ಮಲ್ಲಿ ಹೆಂಗ್ರೀ..."

"ಬೇರೆ ಅಂಗಿ ಇದ್ರೆ ಹಾಕ್ಕಣಿ. ಓಡಿ!"

ಓಡಿದರು. ಠಾಣೆಯ ಕಡೆಗೆ ಓಡುವ ಪೊಲೀಸನನ್ನು ಕಂಡು ಸ್ಟ್ಯಾಂಡಿನಲ್ಲಿದ್ದ ಮೂವರು, "ಕಳ್ಳ ಎಲ್ಲಿ? ಎಲ್ಲಿ?" ಎಂದು ಕೂಗುತ್ತಾ ಅವರ ಹಿಂದೆಯೇ ಓಡಿದರು. ಈ ಕಥೆ ಹೇಳುವಾಗ ಹತ್ತು ಜನ ಎನ್ನುತ್ತಿದ್ದೆ. ಮೂವರು. ಅಷ್ಟರಲ್ಲಿ ವಾಪಸು ಹೊರಟ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ನಾನು ಎರಡೂ ಕೈ ಅಗಲಿಸಿ ಬಸ್ಸಿನ ಮುಂದೆ ನಿಂತೆ.

"ಹ್ವಾಯ್, ಬಿಡ್ಬೇಡಿ! ಇನ್ನೊಬ್ರ್ ಬಪ್ಕಿತ್ತ್!"