ಓರೆ ಭೂಮಿಯನ್ನು ನೆಟ್ಟಗೆ ಮಾಡಿದ ಚಕ್ರದಣ್ಣ

ನಮ್ಮ ಬೀದಿಯ ಸೈಕಲ್ ರಿಪೇರಿಯವನಿಗೆ ಹೆತ್ತವರು ಏನೋ ಒಂದು ಹೆಸರಿಟ್ಟಿದ್ದರು. ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಚಕ್ರದಣ್ಣ. ಎಂಟಡಿ ಅಗಲದ ಅಂಗಡಿ, ಗೋಡೆ ತುಂಬ ಟೈರು, ನಡುವೆ ಒಂದು ಕಬ್ಬಿಣದ ಸ್ಟೂಲು. ಗುಂಡಿಗೆ ಬಿದ್ದು ಸೊಟ್ಟಗಾದ ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ, ಒಂದು ಕಣ್ಣು ಮುಚ್ಚಿ, ಒಂದೊಂದೇ ಕಡ್ಡಿಯನ್ನು ಬಿಗಿಯುತ್ತ ಸಡಿಲಿಸುತ್ತ ಕೂತನೆಂದರೆ, ಅದು ಕೂದಲೆಳೆಯಷ್ಟೂ ಅಲುಗದೆ ತಿರುಗುವವರೆಗೆ ಏಳುತ್ತಿರಲಿಲ್ಲ. ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಉಳಿದದ್ದನ್ನೆಲ್ಲ ಕೈಯೇ ಕಲಿಸಿತು. ಸೊಟ್ಟಗಿರುವುದನ್ನು ಕಂಡರೆ ಆ ಕೈ ತುರಿಸುತ್ತಿತ್ತು. ನೆಂಟರ ಮನೆಗೆ ಹೋದರೂ ಮೊದಲು ಗೋಡೆಯ ಫೋಟೋ ನೇರ ಮಾಡಿ, ಆಮೇಲೆ ಕ್ಷೇಮ ವಿಚಾರಿಸುವ ಆಸಾಮಿ.

ಅವನ ಸೊಸೆ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸ ಟೀಚರು. ಸೋಮವಾರ ಇನ್ಸ್‌ಪೆಕ್ಟರಮ್ಮ ಬಂದು ಅವಳ ಪಾಠ ಕೇಳುವವರಿದ್ದರು. ಒಪ್ಪಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆ. ಪಾಠ ಋತುಗಳದ್ದು. ಶಾಲೆಯಲ್ಲಿದ್ದ ಒಂದೇ ಗ್ಲೋಬಿನ ಪೀಠ ಮುರಿದಿತ್ತು. ಶನಿವಾರ ಬೆಳಿಗ್ಗೆ ಅದನ್ನು ಮಾವನ ಅಂಗಡಿಯಲ್ಲಿಟ್ಟು ಹೋದಳು.

ಮಧ್ಯಾಹ್ನ ಬಂದು ನೋಡಿದರೆ ಪೀಠ ಗಟ್ಟಿಯಾಗಿತ್ತು. ಗ್ಲೋಬು ಮಾತ್ರ ಕವಾಯತಿಗೆ ನಿಂತ ಪೊಲೀಸನಂತೆ ನೆಟ್ಟಗೆ ನಿಂತಿತ್ತು.

"ಮಾವ, ಇದೇನು ಮಾಡಿಬಿಟ್ರಿ?"

"ಯಾರೋ ಬೀಳಿಸಿದ್ರು ಅನ್ಸುತ್ತಮ್ಮ, ನಡುಗಂಬಿ ವಾಲಿತ್ತು. ನೂಲು ಹಿಡಿದು ನೇರ ಮಾಡಿದೀನಿ. ತಿರುಗಿಸಿ ನೋಡು!"

"ಅಯ್ಯೋ, ಅದು ವಾಲೇ ಇರ್ಬೇಕು ಮಾವ! ಇಪ್ಪತ್ತಮೂರೂವರೆ ಡಿಗ್ರಿ. ಭೂಮಿ ಇರೋದೇ ಹಾಗೆ."

"ಭೂಮಿನಾ? ಅದನ್ನ ವಾಲಿಸಿದವರು ಯಾರು?"

"ಬಹಳ ಹಿಂದೆ ಆಕಾಶದಲ್ಲಿ ದೊಡ್ಡದೇನೋ ಬಂದು ಗುದ್ದಿರ್ಬೇಕು ಅಂತಾರೆ."

ಚಕ್ರದಣ್ಣ ತೊಡೆ ತಟ್ಟಿಕೊಂಡು ನಕ್ಕ. "ಹಾಗೆ ಹೇಳು! ಗುದ್ದಿಸ್ಕೊಂಡ ಗಾಡಿ! ರಿಪೇರಿಗೆ ಮಾತ್ರ ಯಾರೂ ತರ್ಲಿಲ್ಲ!"

"ತಂದಿದ್ರೆ ನೀವು ನೇರ ಮಾಡಿ, ಬೇಸಿಗೆ ಚಳಿಗಾಲ ಎರಡನ್ನೂ ಕಿತ್ತು ಹಾಕ್ತಿದ್ರಿ. ದಮ್ಮಯ್ಯ, ಮೊದಲಿನ ಹಾಗೆ ಬಗ್ಗಿಸಿಕೊಡಿ."

"ಯಾಕೆ ಅಂತ ತಿಳೀದೆ ಕಬ್ಬಿಣ ಬಗ್ಗಿಸೋನಲ್ಲ ನಾನು. ಮೊದ್ಲು ನಂಗೆ ಪಾಠ ಹೇಳು."

ಷಟರ್ ಅರ್ಧ ಇಳಿಯಿತು. ಸ್ಟೂಲಿನ ಮೇಲೆ ಬಲ್ಬು ಉರಿಯಿತು, ಅದೇ ಸೂರ್ಯ. ಗ್ಲೋಬಿನ ಮೇಲುಭಾಗದಲ್ಲಿ ತಮ್ಮ ಊರಿರುವ ಕಡೆ ಸೊಸೆ ಕೆಂಪು ಚುಕ್ಕೆ ಇಟ್ಟಳು. ಮೊದಲು ಮಾವನ ನೆಟ್ಟಗಿನ ಭೂಮಿಯನ್ನೇ ಬಲ್ಬಿನ ಸುತ್ತ ಒಯ್ದಳು. ಎಲ್ಲಿ ನಿಂತು ತಿರುಗಿಸಿದರೂ ಚುಕ್ಕೆಗೆ ಅರ್ಧ ಬೆಳಕು, ಅರ್ಧ ಕತ್ತಲೆ.

"ನೋಡಿ, ವರ್ಷವಿಡೀ ಒಂದೇ ಥರ. ನಿಮ್ಮ ನೇರ ಭೂಮೀಲಿ ಇಷ್ಟೇ."

"ಬೇಜಾರು ಹಿಡಿಯುತ್ತೆ ಕಣಮ್ಮ" ಎಂದು ಒಪ್ಪಿದ ಮಾವ, ಅವಳ ಕೋನಮಾಪಕ ಇಟ್ಟು ಕಂಬಿಯನ್ನು ಅಳೆದು ಬಗ್ಗಿಸಿದ. ಸೊಸೆ ಮತ್ತೆ ಸುತ್ತು ಹೊರಟಳು. ಗ್ಲೋಬಿನ ತಲೆ ಬಲ್ಬಿನ ಕಡೆ ವಾಲಿತು, ಚುಕ್ಕೆ ಹೆಚ್ಚು ಹೊತ್ತು ಬೆಳಕಿನಲ್ಲಿತ್ತು. "ಇದು ಬೇಸಿಗೆ." ಆಚೆ ಕಡೆಗೆ ಹೋದಳು. "ಇದು..."

ಚಕ್ರದಣ್ಣ ತಲೆ ಕೆರೆದುಕೊಂಡ. "ಇಲ್ಲೂ ತಲೆ ದೀಪಕ್ಕೇ ಬಗ್ಗಿದೆಯಲ್ಲ? ಹಂಗಾದ್ರೆ ನಮಗೆ ಸದಾ ಬೇಸಿಗೆ. ಚಳಿಗಾಲ ಎಲ್ಲಿ ಹೋಯ್ತು?"

ಸೊಸೆ ಗ್ಲೋಬನ್ನು ಕೆಳಗಿಟ್ಟಳು. ಪುಸ್ತಕವನ್ನು ಹತ್ತು ಸಲ ಬಾಯಿಪಾಠ ಮಾಡಿದ್ದಳು. ಗ್ಲೋಬು ಹಿಡಿದು ನಡೆದದ್ದು ಇದೇ ಮೊದಲು. "ಸೋಮವಾರ ಎಲ್ಲರ ಮುಂದೆ ಹೀಗೇ ಮಾಡಿ ಕೆಲಸ ಕಳ್ಕೊಳ್ತಿದ್ದೆ ಮಾವ. ನಿಜಕ್ಕೂ ಚಳಿಗಾಲ ಎಲ್ಲಿದೆ?"

ಅವನು ಎದ್ದು ಒಂದು ಚಕ್ರ ತಂದ. ಅದರ ಅಚ್ಚಿನ ಎರಡು ತುದಿಗಳನ್ನು ಅವಳ ಕೈಗೆ ಕೊಟ್ಟು, ರಪ್ಪನೆ ತಿರುಗಿಸಿಬಿಟ್ಟ. "ಈಗ ಪಕ್ಕಕ್ಕೆ ಹೊರಳಿಸು."

"ಅಮ್ಮಾ! ಕೈಗೇ ಎದುರು ಬೀಳ್ತಿದೆ!"

"ತಿರುಗೋ ಚಕ್ರಕ್ಕೆ ಹಟ ಜಾಸ್ತಿ. ಬಲವಂತ ಮಾಡದೆ ಅಚ್ಚು ದಿಕ್ಕು ಬಿಡಲ್ಲ. ನಿನ್ನ ಭೂಮೀನೂ ತಿರುಗ್ತಾ ಇದೆ ತಾನೆ? ಅದನ್ನ ದೀಪದ ಕಡೆಗೆ ಹೊರಳಿಸಿಕೊಂಡು ಹೋದೋಳು ನೀನು!"

ಸೊಸೆ ಗ್ಲೋಬು ಎತ್ತಿಕೊಂಡಳು. ಈ ಸಲ ಅದರ ತಲೆ ಷಟರಿನ ದಿಕ್ಕನ್ನು ಬಿಡದಂತೆ ಹಿಡಿದು ನಡೆದಳು. ಒಂದು ಕಡೆ ತಲೆ ಬಲ್ಬಿಗೆ ಬಾಗಿತ್ತು. ಬೆಳಕು ಚುಕ್ಕೆಯ ಮೇಲೆ ನೇರವಾಗಿ, ಬಹಳ ಹೊತ್ತು ಬಿತ್ತು. ಎದುರು ಕಡೆ ಬಂದಾಗ ಅದೇ ತಲೆ ಬಲ್ಬಿನಿಂದ ಹಿಂದಕ್ಕೆ ವಾಲಿತ್ತು. ಓರೆ ಬೆಳಕಿನಲ್ಲಿ ಚುಕ್ಕೆ ಇಣುಕಿದಂತೆ ಮಾಡಿ ಕತ್ತಲೆಗೆ ಜಾರಿತು. ಕೆಳಗಿನ ಅರ್ಧಕ್ಕೆ ಆಗ ಬೇಸಿಗೆ.

"ಸಿಕ್ತು ಮಾವ, ಚಳಿಗಾಲ ಸಿಕ್ತು!"

"ಮೆಲ್ಲಗೆ ಕಣೆ, ಗಿರಾಕಿಗಳು ಓಡಿಹೋಗ್ತಾರೆ."

ಸೋಮವಾರ ಚಕ್ರದಣ್ಣನ ಮನಸ್ಸು ಅಂಗಡಿಯಲ್ಲಿರಲಿಲ್ಲ. ಒಂದೇ ಟ್ಯೂಬನ್ನು ಎರಡು ಸಲ ತಾನೇ ಪಂಕ್ಚರ್ ಮಾಡಿದ. ನಾಲ್ಕು ಗಂಟೆಗೆ ಬಂದ ಸೊಸೆ ಬೇಕೆಂದೇ ನಿಧಾನವಾಗಿ ನೀರು ಕುಡಿದಳು.

"ಬೇಗ ಬೊಗಳೇ ತಾಯಿ!"

"ಬೇಸಿಗೇಲಿ ಸೂರ್ಯ ಹತ್ತಿರ ಬರೋದ್ರಿಂದ ಸೆಕೆ ಅಲ್ವಾ ಅಂತ ಇನ್ಸ್‌ಪೆಕ್ಟರಮ್ಮ ಮಕ್ಕಳನ್ನ ಕೆಣಕಿದ್ರು. ಕೊನೇ ಬೆಂಚಿನ ಹುಡುಗಿ ಎದ್ದು, 'ಹಂಗಾದ್ರೆ ಭೂಮಿ ಕೆಳಗಿನ ಅರ್ಧದವರು ಅದೇ ತಿಂಗಳಲ್ಲಿ ಸ್ವೆಟರ್ ಯಾಕೆ ಹಾಕ್ಕೋತಾರೆ ಮೇಡಂ?' ಅಂದ್ಲು."

"ಭಲೇ! ಆಮೇಲೆ?"

"ಇನ್ಸ್‌ಪೆಕ್ಟರಮ್ಮನೇ ಗ್ಲೋಬು ಹಿಡಿದು ದೀಪದ ಸುತ್ತ ಹೊರಟ್ರು. ತಲೆ ಯಾವಾಗ್ಲೂ ಕಿಟಕಿ ಕಡೆಗೇ ಇರ್ಬೇಕು ಅಂತ ನಾನು ಪಾಠದಲ್ಲಿ ಹೇಳಿದ್ದೆ. ಅರ್ಧ ದಾರೀಲಿ ಅವರೂ ದೀಪದ ಕಡೆ ಹೊರಳಿಸಿದ್ರು! ನಲವತ್ತು ಹುಡುಗಿಯರೂ 'ದಿಕ್ಕು ತಪ್ಪಿತು ಮೇಡಂ, ಕಿಟಕಿ ಕಡೆ, ಕಿಟಕಿ ಕಡೆ!' ಅಂತ ಕಿರುಚಿದ್ರು. ನನ್ನ ಜೀವ ಬಾಯಿಗೆ ಬಂತು. ಅವರು ಬಿದ್ದು ಬಿದ್ದು ನಕ್ಕು, ಅಲ್ಲೇ ಸಹಿ ಹಾಕಿದ್ರು."

"ಕಾಯಂ?"

"ಕಾಯಂ ಮಾವ."

ಚಕ್ರದಣ್ಣ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ಗ್ರೀಸಿನ ಕೈ; ಕೆನ್ನೆಯುದ್ದಕ್ಕೂ ಕಪ್ಪು ಪಟ್ಟೆ ಎದ್ದಿತು. ಆ ಸಂಜೆ ಬಂದ ಗಿರಾಕಿಗಳಿಗೆಲ್ಲ ಅದೇ ಮುಖದಲ್ಲಿ ಸುದ್ದಿ ಹೇಳಿದ. ಅಷ್ಟು ಖುಷಿಯಲ್ಲಿದ್ದವನಿಗೆ ಕನ್ನಡಿ ತೋರಿಸಲು ಯಾರಿಗೂ ಮನಸ್ಸಾಗಲಿಲ್ಲ.