ಕೋಟೆ ಹತ್ತದ ವಿಲ್ಫ್

ಪೆಲ್‌ಕಂಬ್‌ನಲ್ಲಿ ಯಾರ ಮನೆಗೆ ಕಲ್ಲುಹಂಚು ಹೊದಿಸಬೇಕಾದರೂ ಸ್ಯಾಮ್ವೇಸ್ ಮನೆಯವರೇ ಬರಬೇಕು. ಅಜ್ಜನ ಕಾಲದಿಂದ ಹಾಗೇ ನಡೆದುಕೊಂಡು ಬಂದಿದೆ. ಆ ಮನೆಯ ಕೊನೆಯ ಕಸುಬುದಾರ ವಿಲ್ಫ್ ಸ್ಯಾಮ್ವೇಸ್. ಅರವತ್ತೈದು ವರ್ಷದ ಗಟ್ಟಿ ಆಳು, ಮಾತು ಕಡಿಮೆ, ಬಲಮೊಣಕಾಲು ಮಾತ್ರ ಕೈಕೊಟ್ಟಿದೆ. ಇಗರ್ಜಿಯ ಮಾಡು, ಬೇಕರಿಯ ಮಾಡು, ಹೆಂಡದಂಗಡಿಯ ಮಾಡು, ಎಲ್ಲವನ್ನೂ ಬೆಕ್ಕಿನ ಹಾಗೆ ಹತ್ತಿಳಿದವನು. ಆದರೆ ಊರಿನ ನೆತ್ತಿಯ ಮೇಲೇ ಕೂತಿರುವ ಕೋಟೆಗುಡ್ಡಕ್ಕೆ ಮಾತ್ರ ಮೂವತ್ತೆಂಟು ವರ್ಷದಿಂದ ಕಾಲಿಟ್ಟಿರಲಿಲ್ಲ.

"ವಿಲ್ಫ್‌ಗೆ ಎತ್ತರ ಅಂದ್ರೆ ಭಯ ಕಣ್ರೋ," ಎಂದು ಹೆಂಡದಂಗಡಿಯ ಪರ್ಸಿ ಲೋಡರ್ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. "ಏಣಿ ಮೇಲೆ ಕಣ್ಣು ಮುಚ್ಕೊಂಡೇ ಕೆಲಸ ಮಾಡ್ತಾನೆ. ನಮ್ಮ ಚಾವಣಿ ನೋಡಿದ್ರೆ ಗೊತ್ತಾಗಲ್ವಾ?"

"ನಿನ್ನ ಬಿಯರ್ ಕುಡಿದ್ಮೇಲೆ ಕಣ್ಣು ತೆರೆದಿದ್ರೂ ಒಂದೇ, ಮುಚ್ಚಿದ್ರೂ ಒಂದೇ," ಎನ್ನುತ್ತಿದ್ದ ವಿಲ್ಫ್. ಎಲ್ಲರೂ ನಗುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು, ವಿಲ್ಫ್‌ಗೆ ಬೇಕಾಗಿದ್ದದ್ದೂ ಅದೇ.

ಕೋಟೆ ಅಂದರೆ ಈಗ ಅಲ್ಲಿ ನಾಲ್ಕು ಮುರುಕು ಗೋಡೆ, ಒಂದು ವಾಲಿದ ಬುರುಜು, ಅಷ್ಟೇ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾದಾಗ, ರಾಜನ ಪಕ್ಷದವರದ್ದೆಂದು ಪಾರ್ಲಿಮೆಂಟಿನ ಸಿಪಾಯಿಗಳು ಮದ್ದಿಟ್ಟು ಹಾರಿಸಿ ಮುನ್ನೂರು ಚಿಲ್ಲರೆ ವರ್ಷವಾಯಿತು. ಬಿದ್ದ ಕಲ್ಲನ್ನು ಊರವರು ಸುಮ್ಮನೆ ಬಿಟ್ಟಾರೆಯೆ? ಗಾಡಿಗಟ್ಟಲೆ ಹೊತ್ತು ತಂದು ಮನೆ ಕಟ್ಟಿಕೊಂಡರು. ಪರ್ಸಿಯ ಹಂದಿಗೂಡಿನ ಗೋಡೆಯಲ್ಲಿ ರಾಣಿವಾಸದ ಕಿಟಕಿಯ ಕೆತ್ತನೆ ಇವತ್ತಿಗೂ ಇದೆ. ಅದರ ಬಗ್ಗೆ ಅವನಿಗೆ ಹೆಮ್ಮೆಯೇ ಹೊರತು ನಾಚಿಕೆ ಇಲ್ಲ.

ವಿಲ್ಫ್ ಗುಡ್ಡ ಹತ್ತದಿರುವುದಕ್ಕೆ ಎತ್ತರ ಕಾರಣವಲ್ಲ. ಮಿಸ್ ಟ್ರಾಸ್ಕ್ ಮನೆಯ ಮಾಡು ಕಾರಣ.

ಕಲ್ಲುಹಂಚು ಗಣಿಯಿಂದ ಒಂದೇ ಅಳತೆಯಲ್ಲಿ ಬರುವುದಿಲ್ಲ. ಚಪ್ಪಡಿಯಂಥದ್ದೂ ಇರುತ್ತದೆ, ಅಂಗೈಯಗಲದ್ದೂ ಇರುತ್ತದೆ. ಗುರುತು ಕೊರೆದ ಕೋಲಿನಿಂದ ಒಂದೊಂದನ್ನೂ ಅಳೆದು ಬೇರೆ ಬೇರೆ ಒಟ್ಟಿ, ದೊಡ್ಡದನ್ನು ಸೂರಿನ ಅಂಚಿಗೆ, ಆಮೇಲೆ ಸಾಲುಸಾಲಿಗೂ ಚಿಕ್ಕದು, ನೆತ್ತಿಗೆ ಎಲ್ಲಕ್ಕಿಂತ ಚಿಕ್ಕದು, ಹೀಗೆ ಹೊದಿಸಬೇಕು. ಸರಿಯಾಗಿ ಹೊದಿಸಿದರೆ ಕಣ್ಣು ಎಲ್ಲೂ ತೊಡರದೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಆದರೆ ಬೀದಿಯಲ್ಲಿ ನಿಂತವನಿಗೆ ಮಾಡಿನ ಹಿಂಭಾಗ ಕಾಣುವುದಿಲ್ಲ. ಅದಕ್ಕೇ ಸ್ಯಾಮ್ವೇಸ್ ಮನೆಯಲ್ಲಿ ಒಂದು ರೂಢಿ ಇತ್ತು. ಕೆಲಸ ಮುಗಿದ ಮೊದಲ ಭಾನುವಾರ ಕೋಟೆ ಹತ್ತಿ, ಮುರುಕು ಗೋಡೆಯ ಮೇಲೆ ಕೂತು, ಹೊದಿಸಿದ ಮಾಡನ್ನು ಮೇಲಿನಿಂದ ನೋಡಬೇಕು. ನೋಡುವ ತನಕ ಅದು ಮುಗಿದ ಲೆಕ್ಕಕ್ಕೆ ಸೇರುವುದಿಲ್ಲ.

ಸಾವಿರದ ಒಂಬೈನೂರ ನಲವತ್ತೇಳರ ಶರತ್ಕಾಲ. ವಿಲ್ಫ್ ಯುದ್ಧ ಮುಗಿಸಿ ಇಟಲಿಯಿಂದ ಬಂದು ವರ್ಷವಾಗಿತ್ತಷ್ಟೆ. ಅಪ್ಪ ಜೇಬೆಸ್ ಎದೆಕೆಮ್ಮು ಹಿಡಿದು ಹಾಸಿಗೆಯಲ್ಲಿದ್ದ. ಶಾಲೆಯ ಮೇಡಮ್ಮು ಮಿಸ್ ಟ್ರಾಸ್ಕ್ ಅವರ ಮನೆ ವಿಲ್ಫ್ ಒಬ್ಬನೇ ಹಿಡಿದ ಮೊದಲ ಕೆಲಸ. ಹಿಂಭಾಗದ ಮಾಡು, ಕೋಟೆಗೆ ಮುಖ ಮಾಡಿದ್ದು, ಅರ್ಧಕ್ಕೆ ಬಂದಾಗ ಹದಿನಾಲ್ಕು ಅಂಗುಲದ ಹಂಚು ಮುಗಿದಂತೆ ಕಂಡಿತು. ಸರಿ, ಅಂತ ಹತ್ತು ಅಂಗುಲದ್ದು ಶುರುಮಾಡಿದ. ಎರಡು ಸಾಲು ಏರಿಸಿ ಕೆಳಗಿಳಿದರೆ, ಕೊಟ್ಟಿಗೆಯ ಹಿಂದೆ ಗೋಣಿ ಮುಚ್ಚಿ ಇಟ್ಟಿದ್ದ ಹದಿನಾಲ್ಕರ ರಾಶಿ ಹಾಗೇ ಕೂತಿದೆ. ಒಟ್ಟಿದವನೂ ಅವನೇ, ಮುಚ್ಚಿದವನೂ ಅವನೇ, ಮರೆತವನೂ ಅವನೇ.

ಎರಡು ಸಾಲು ಕಿತ್ತರೆ ಒಂದು ದಿನದ ಕೆಲಸ. ಆದರೆ ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಕೆಳಗೆ ಮಿಸ್ ಟ್ರಾಸ್ಕ್ ಮಂಚಕ್ಕೆ ಟಾರ್ಪಾಲು ಹೊದಿಸುತ್ತಿದ್ದರು. ಹಿಂಭಾಗ ತಾನೆ, ಯಾರು ನೋಡುತ್ತಾರೆ ಅಂದುಕೊಂಡು, ಚಿಕ್ಕದರ ಮೇಲೆ ದೊಡ್ಡದನ್ನು ಹೊದಿಸಿ ಮುಗಿಸಿಬಿಟ್ಟ. ಒಂದು ಹನಿಯೂ ಒಳಗಿಳಿಯಲಿಲ್ಲ. ಆ ಭಾನುವಾರ ಅಪ್ಪ ಹಾಸಿಗೆಯಿಂದಲೇ ಕೇಳಿದ.

"ಹತ್ತಿ ನೋಡ್ಕೊಂಡ್ ಬಂದ್ಯಾ?"

"ಹೂಂ. ಚೆನ್ನಾಗಿ ಬಂದಿದೆ," ಎಂದ ವಿಲ್ಫ್. ಹತ್ತಿರಲಿಲ್ಲ.

ಮುಂದಿನ ಕೆಲಸ ಬೇಕರಿಯದ್ದು. ಅದನ್ನು ನೋಡಲು ಕೋಟೆ ಹತ್ತಿದರೆ ಪಕ್ಕದಲ್ಲೇ ಇದೂ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಹತ್ತಲಿಲ್ಲ. ಬೇಸಿಗೆ ಬರಲಿ, ಸರಿಮಾಡಿ ಹತ್ತೋಣ ಅಂದುಕೊಂಡ. ಬೇಸಿಗೆ ಬಂತು, ಹೋಯಿತು. ಮೂರು ವರ್ಷಕ್ಕೆ ಅಪ್ಪ ತೀರಿಕೊಂಡ. ತಪ್ಪು ಅಷ್ಟೇ ಇತ್ತು, ಅದನ್ನು ಹೇಳಿಕೊಳ್ಳುವ ನಾಚಿಕೆ ಮಾತ್ರ ವರ್ಷವರ್ಷಕ್ಕೂ ದಪ್ಪವಾಗುತ್ತ ಹೋಯಿತು. ಹೀಗೆ ಊರಿನ ಮುಕ್ಕಾಲುಪಾಲು ಮಾಡುಗಳನ್ನು ಹೊದಿಸಿದ ಮನುಷ್ಯ ತನ್ನ ಒಂದು ಕೆಲಸವನ್ನೂ ನೋಡಬೇಕಾದ ಜಾಗದಿಂದ ನೋಡದೆ ಮುದುಕನಾದ. ಅಯ್ಯೋ ಪಾಪ ಅನ್ನಬೇಕೋ, ತಲೆಯ ಮೇಲೊಂದು ಮೊಟಕಬೇಕೋ, ನನಗಂತೂ ತಿಳಿಯದು.

ಈ ವರ್ಷ ಮೇ ತಿಂಗಳಲ್ಲಿ ಡಾಕ್ಟರು ಮೊಣಕಾಲು ನೋಡಿ, ಇನ್ನು ಏಣಿ ಸಾಕು ಎಂದರು. ಪರ್ಸಿ ಊರ ಪಂಚಾಯ್ತಿಯ ಅಧ್ಯಕ್ಷನೂ ಹೌದು. ಸುಮ್ಮನಿರುವ ಜಾಯಮಾನ ಅವನದ್ದಲ್ಲ.

"ನಿನಗೊಂದು ಬೀಳ್ಕೊಡುಗೆ ಇಟ್ಕೊಂಡಿದೀವಿ ಕಣೋ," ಎಂದ. "ಜೂನ್ ಎರಡನೇ ಭಾನುವಾರ, ಪ್ರಾರ್ಥನೆ ಮುಗಿದ್ಮೇಲೆ. ಚಹಾ, ಹ್ಯಾಮ್ ಸ್ಯಾಂಡ್‌ವಿಚ್, ಕೇಕು, ನನ್ನ ಲೆಕ್ಕದಲ್ಲಿ ಒಂದು ಪೀಪಾಯಿ ಸೈಡರ್. ಕೋಟೆ ಮೇಲೆ."

"ಕೋಟೆ ಮೇಲ್ಯಾಕೆ? ಇಗರ್ಜಿ ಹಾಲ್ ಇದೆಯಲ್ಲ."

"ಹಾಲಲ್ಲಿ ಕೂತ್ರೆ ನಿನ್ನ ಕೆಲಸ ಎಲ್ಲಿ ಕಾಣತ್ತೆ ಮಾರಾಯ? ಮೇಲಿಂದ ಒಂದೊಂದೇ ಮಾಡು ತೋರಿಸಿ ಯಾವ್ದು ಯಾವಾಗ ಹಾಕ್ದೆ ಅಂತ ನೀನೇ ಹೇಳ್ಬೇಕು. ಮಿಸ್ ಟ್ರಾಸ್ಕ್ ಕೂಡ ಬರ್ತೀನಿ ಅಂದಿದಾರೆ. ಎಂಬತ್ತನಾಲ್ಕು ವರ್ಷ ಆ ಯಮ್ಮಂಗೆ! ನನ್ನ ಜೀಪಲ್ಲಿ ಹತ್ತಿಸ್ತೀನಿ."

ವಿಲ್ಫ್ ಮನೆಗೆ ಬಂದ. ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಐದನೆಯ ದಿನ ಬೆಳಗ್ಗೆ, ಮೊಟ್ಟೆ ಆರಿಹೋಗುತ್ತಿದ್ದರೂ ಮುಟ್ಟದ ಗಂಡನನ್ನು ಐವಿ ನೋಡುತ್ತ ಕೂತಳು. ಮೂವತ್ತಾರು ವರ್ಷ ಸಂಸಾರ ಮಾಡಿದವಳು, ಗದರಿದರೆ ಬಾಯಿ ಬಿಡುವವನಲ್ಲ ಎಂದು ಬಲ್ಲಳು. ಸುಮ್ಮನೆ ಇನ್ನೊಂದು ಲೋಟ ಚಹಾ ಬಗ್ಗಿಸಿದಳು. ಅವನು ಎಲ್ಲ ಹೇಳಿದ.

"ಇಷ್ಟೇನಾ?" ಎಂದಳು ಐವಿ. "ನಾನು ಪರ್ಸಿ ತಂಗಿ ವಿಷಯ ಅಂತ ತಿಳ್ಕೊಂಡಿದ್ದೆ."

"ಯಾವ ವಿಷಯ?"

"ಮದುವೆಗೆ ಮುಂಚೆ ಅವಳನ್ನ ಕೋಟೆ ಮೇಲೆ ಕರ್ಕೊಂಡ್ ಹೋಗ್ತಿದ್ಯಂತೆ. ಆ ನೆನಪಿಗೇ ಹತ್ತಲ್ಲ ಅಂತ ಇಷ್ಟು ವರ್ಷ ನಾನು ಒಳಗೊಳಗೇ ಬೆಂದಿದೀನಿ. ಹಂಚಂತೆ! ಮೊದಲೇ ಹೇಳಕ್ಕೇನಾಗಿತ್ತು ನಿಂಗೆ?" ಎಂದು ಅವನ ಮೊಟ್ಟೆಯನ್ನು ತಾನೇ ತಿಂದಳು. ಆಮೇಲೆ ದನಿ ತಗ್ಗಿಸಿ, "ಹೋಗು ವಿಲ್ಫ್. ನಾನೂ ಜೊತೇಲಿರ್ತೀನಿ," ಎಂದಳು.

ಭಾನುವಾರ ಬಿಸಿಲು ಹದವಾಗಿತ್ತು. ಮೊಣಕಾಲಿನ ನೆಪದಲ್ಲಿ ವಿಲ್ಫ್ ಎಲ್ಲರಿಗಿಂತ ಹಿಂದೆ ಉಳಿದು, ನೆಲ ನೋಡಿಕೊಂಡೇ ಹತ್ತಿದ. ಹುಲ್ಲು, ಕುರಿಹಿಕ್ಕೆ, ಕಲ್ಲು, ಮತ್ತೆ ಹುಲ್ಲು. ಮೇಲೆ ಬಂದ ಮೇಲೂ ಸ್ವಲ್ಪ ಹೊತ್ತು ಸ್ಯಾಂಡ್‌ವಿಚ್ಚಿನ ಮೇಜಿಗೆ ಮುಖ ಮಾಡಿ ನಿಂತಿದ್ದ. ಐವಿ ತೋಳು ಹಿಡಿದು ತಿರುಗಿಸಿದಳು.

ಊರು ಕೆಳಗೆ ಬಿದ್ದುಕೊಂಡಿತ್ತು. ಚೌಕದಿಂದ ಎರಡು ಬೀದಿ ಕವಲೊಡೆದು, ಎರಡರ ನಡುವೆ ಇಗರ್ಜಿಯ ಗೋಪುರ, ಅದರ ಹಿಂದೆ ಅವರೆ ಚಪ್ಪರದ ಹಿತ್ತಲುಗಳು, ಒಗೆದ ಬಟ್ಟೆ, ಆಚೆಗೆ ರೈಲು ನಿಂತುಹೋದ ಹಳಿಯ ಹಸಿರು ಗೆರೆ, ಇನ್ನೂ ಆಚೆಗೆ ಗುಡ್ಡಗಳ ಸಂದಿನಲ್ಲಿ ಒಂದು ಚೂರು ಸಮುದ್ರ. ಎಲ್ಲಕ್ಕಿಂತ ಮುಂದಾಗಿ ಮಾಡುಗಳು. ಬೂದು, ಜೇನುಬಣ್ಣ, ಹಾವಸೆ ಹತ್ತಿದ ಹಳದಿ. ಬೇಕರಿಯದ್ದು, ಅಂಚೆಮನೆಯದ್ದು, ಪರ್ಸಿಯದ್ದು. ದೊಡ್ಡದರಿಂದ ಚಿಕ್ಕದಕ್ಕೆ, ಚಿಕ್ಕದರಿಂದ ಇನ್ನೂ ಚಿಕ್ಕದಕ್ಕೆ, ಕಣ್ಣು ಎಲ್ಲೂ ನಿಲ್ಲದೆ ಏರುತ್ತಿತ್ತು. ವಿಲ್ಫ್‌ಗೆ ಇದನ್ನೆಲ್ಲ ಮಾಡಿದ್ದು ತಾನು ಎಂದು ನಂಬುವುದಕ್ಕೇ ಆಗಲಿಲ್ಲ. ಇಷ್ಟು ಸಂತೋಷವನ್ನು ತಾನೇ ತನಗೆ ತಪ್ಪಿಸಿಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು.

ಆಮೇಲೆ ಮಿಸ್ ಟ್ರಾಸ್ಕ್ ಮನೆ. ಅವನು ಹುಡುಕಲೇಬೇಕಾಗಲಿಲ್ಲ. ಮಾಡಿನ ನಡುವೆ ಎರಡು ಸಾಲು ಕಿರಿದಾಗಿ, ಅದರ ಮೇಲೆ ಮತ್ತೆ ಅಗಲವಾಗಿ, ಅಡ್ಡಕ್ಕೆ ತೇಪೆ ಹಾಕಿದಂತೆ ಎದ್ದು ಕಾಣುತ್ತಿತ್ತು. ಮೂವತ್ತೆಂಟು ವರ್ಷದ ಹಾವಸೆಯೂ ಅದನ್ನು ಮುಚ್ಚಿರಲಿಲ್ಲ.

ಪರ್ಸಿ ಲೋಟ ಎತ್ತಿ ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ವಿಲ್ಫ್ ಬೇಕರಿ ತೋರಿಸಿ ನಲವತ್ತೆಂಟನೇ ಇಸವಿ ಎಂದ, ಅಂಚೆಮನೆ ತೋರಿಸಿ ಅರವತ್ತೆರಡೆಂದ. ಯಾರೂ ಏನೂ ಕೇಳಲಿಲ್ಲ. ಕಸುಬು ಗೊತ್ತಿಲ್ಲದವರ ಕಣ್ಣಿಗೆ ಆ ಸಾಲು ಬೀಳಲೂ ಇಲ್ಲವೇನೊ. ಅಲ್ಲಿಗೇ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಜನ ಕೇಕಿನ ಕಡೆ ಸರಿದಾಗ ಅವನು, ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮಿಸ್ ಟ್ರಾಸ್ಕ್ ಹತ್ತಿರ ಹೋಗಿ, ಟೊಪ್ಪಿ ತೆಗೆದು ನಿಂತ.

"ಮಿಸ್, ನಿಮ್ಮ ಮಾಡಲ್ಲಿ ನನ್ನದೊಂದು ತಪ್ಪಿದೆ."

"ಎರಡು ಸಾಲು ಹೆಚ್ಚುಕಮ್ಮಿ ಆಗಿದೆ. ನಂಗೊತ್ತು ವಿಲ್ಫ್ರೆಡ್," ಎಂದರು ಮಿಸ್ ಟ್ರಾಸ್ಕ್. "ನೀನು ಏಣಿ ತಗೊಂಡ್ ಹೋದ ಮುಂದಿನ ವಾರವೇ ನಿಮ್ಮಪ್ಪ ತೋರಿಸಿದ."

ವಿಲ್ಫ್‌ಗೆ ಅರ್ಥವಾಗಲಿಲ್ಲ. "ಅಪ್ಪ ಹಾಸಿಗೇಲಿದ್ದ."

"ನೀನು ಗಣಿಗೆ ಹೋಗಿದ್ದ ದಿನ ಹಾಲಿನ ಗಾಡಿ ಹತ್ತಿ ಬಂದಿದ್ದ. ನಾನು ಮಕ್ಕಳನ್ನ ಕರ್ಕೊಂಡು ಇಲ್ಲಿಗೆ ಬಂದಿದ್ದೆ. ಈ ಗೋಡೆ ಮೇಲೇ ಕೂತಿದ್ದ, ಕೆಮ್ಮಿ ಕೆಮ್ಮಿ ಮುಖ ನೀಲಿಯಾಗಿತ್ತು. ತುಂಬ ಹೊತ್ತು ನೋಡಿದ. 'ಮಗನಿಗೆ ಹೇಳಿ ಸರಿ ಮಾಡಿಸಿ' ಅಂದೆ. 'ಬೇಡ ಮಿಸ್' ಅಂದ. 'ನಾನು ಹೇಳಿದ್ರೆ ಅದು ನನ್ನ ಮಾಡಾಗತ್ತೆ, ಅವನೇ ಹತ್ತಿ ನೋಡ್ಲಿ, ನೋಡಿದ ದಿನ ತಾನೇ ಬರ್ತಾನೆ' ಅಂದ. 'ನೀವೂ ಬಾಯಿ ಬಿಡಬೇಡಿ' ಅಂತ ನನ್ನ ಕೈಲಿ ಮಾತು ತಗೊಂಡ."

ವಿಲ್ಫ್ ತಿರುಗಿ ಆ ಮುರುಕು ಗೋಡೆಯನ್ನು ನೋಡಿದ.

"ಆಮೇಲೆ ಎಲ್ಲಿ ಸಿಕ್ಕಿದ್ರೂ ಒಂದೇ ಪ್ರಶ್ನೆ," ಎಂದರು ಮಿಸ್ ಟ್ರಾಸ್ಕ್. "ನಾನು ವಾರವಾರ ಮಕ್ಕಳ ಜೊತೆ ಮೇಲೆ ಬರ್ತಿದ್ನಲ್ಲ, ಅದಕ್ಕೆ. 'ಹತ್ತಿದ್ನಾ ಮಿಸ್?' ಅಂತ. ಸಾಯೋ ಹಿಂದಿನ ವಾರ ನೋಡಕ್ಕೆ ಹೋಗಿದ್ದೆ. ಉಸಿರಾಡಕ್ಕೂ ಆಗ್ತಿರಲಿಲ್ಲ. ಆಗ್ಲೂ ಅದನ್ನೇ ಕೇಳಿದ."

ವಿಲ್ಫ್ ಅತ್ತುಬಿಟ್ಟ. ಅರವತ್ತೈದು ವರ್ಷದ ಗಂಡಸು, ಊರೆಲ್ಲ ಹತ್ತು ಮಾರು ದೂರದಲ್ಲಿ ಕೇಕು ತಿನ್ನುತ್ತಿರುವಾಗ, ಗೋಡೆಗೆ ಮುಖ ಮಾಡಿ ಅತ್ತ. ಅಪ್ಪನಿಗೆ ತಾನು ಹೇಳಿದ ಸುಳ್ಳು ಅವತ್ತೇ ಬಯಲಾಗಿತ್ತು. ಬಯಲಾದ ಮೇಲೂ ಅಪ್ಪ ಮೂರು ವರ್ಷ ಕಾದಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಾಳೆ ಬರ್ತೀನಿ ಮಿಸ್," ಎಂದ ಕೊನೆಗೆ.

"ಒಂದು ಹನಿ ಸೋರಿಲ್ಲ ಅದು. ನನಗೆ ಎಂಬತ್ತನಾಲ್ಕು, ನಿನಗೆ ಮೊಣಕಾಲಿಲ್ಲ. ಬಿಟ್ಟುಬಿಡು."

"ಸೋರತ್ತೆ ಅಂತ ಅಲ್ಲ ಮಿಸ್."

ಅವರು ಅವನ ಮುಖ ನೋಡಿದರು. "ಎಂಟು ಗಂಟೆಗೆ ಮುಂಚೆ ಸದ್ದು ಮಾಡಬೇಡ," ಎಂದರು.

ಸೋಮವಾರ ಎಂಟಕ್ಕೆ ಗೋಡೆಗೆ ಏಣಿ ಒರಗಿತು. ನಿನ್ನೆ ತಾನೆ ಬೀಳ್ಕೊಟ್ಟವನು ಇವತ್ತು ಮಾಡಿನ ಮೇಲೆ ಕೂತಿದ್ದು ಕಂಡು ಪರ್ಸಿ ಬೀದಿಯಲ್ಲೇ ನಿಂತ. "ನನ್ನ ಪೀಪಾಯಿ ಸೈಡರ್ ವಾಪಸ್ ಕೊಡೋ!" ಎಂದು ಕೂಗಿದ. ಐವಿ ಬೈಯುತ್ತಲೇ ಬಂದು ಏಣಿ ಹಿಡಿದಳು, ದಿನಾ ಹಿಡಿದಳು. ಎರಡು ಸಾಲು ತೆಗೆಯಬೇಕಾದರೆ ಅದರ ಮೇಲಿನದ್ದನ್ನೆಲ್ಲ ನೆತ್ತಿಯವರೆಗೂ ಬಿಚ್ಚಬೇಕು. ಬಿಚ್ಚಿದ. ಹುಳು ಹಿಡಿದ ಮರದ ಮೊಳೆಗಳನ್ನು ಎಸೆದು ಓಕ್ ಮರದ ಹೊಸ ಮೊಳೆ ಕೆತ್ತಿದ. ಪ್ರತಿ ಹಂಚನ್ನೂ ಎರಡೆರಡು ಸಲ ಅಳೆದು ಒಟ್ಟಿದ. ಆರೋಗ್ಯವಂತನಿಗೆ ನಾಲ್ಕು ದಿನದ ಕೆಲಸ, ಅವನಿಗೆ ಹನ್ನೆರಡು ದಿನ ಹಿಡಿಯಿತು. ಮಿಸ್ ಟ್ರಾಸ್ಕ್ ಹನ್ನೊಂದು ಗಂಟೆಗೆ ಸರಿಯಾಗಿ ಕಿಟಕಿಯಿಂದ ಚಹಾ ದಾಟಿಸುತ್ತಿದ್ದರು. ಇಬ್ಬರೂ ಜೇಬೆಸ್ ಮಾತೆತ್ತಲಿಲ್ಲ.

ಕೆಲಸ ಮುಗಿದದ್ದು ಶನಿವಾರ ಸಂಜೆ. ಭಾನುವಾರ ಪ್ರಾರ್ಥನೆಯ ಗಂಟೆ ಹೊಡೆಯುವಾಗ ಎಲ್ಲರೂ ಇಗರ್ಜಿಯತ್ತ ಹೊರಟರೆ, ವಿಲ್ಫ್ ಒಬ್ಬನೇ ಕೋಲೂರಿಕೊಂಡು ಗುಡ್ಡ ಹತ್ತಿದ. ಮುರುಕು ಗೋಡೆಯ ಮೇಲೆ ಕೂತ. ಸೂರಿನಂಚಿನಿಂದ ನೆತ್ತಿಯವರೆಗೆ ಒಂದೊಂದೇ ಸಾಲು ನೋಡಿದ. ನೆತ್ತಿಯಿಂದ ಸೂರಿನವರೆಗೆ ಮತ್ತೊಮ್ಮೆ ನೋಡಿದ. ಎಲ್ಲೂ ತೊಡರಲಿಲ್ಲ.

ಇಳಿದು ಬಂದು, ಮನೆಗೂ ಹೋಗದೆ, ಮಿಸ್ ಟ್ರಾಸ್ಕ್ ಬಾಗಿಲು ತಟ್ಟಿದ. ಅವರು ಬಂದು ಬಾಗಿಲು ತೆಗೆಯುವುದಕ್ಕೆ ಹೊತ್ತಾಯಿತು. ಅಲ್ಲಿಯವರೆಗೂ ಟೊಪ್ಪಿ ಕೈಯಲ್ಲಿ ಹಿಡಿದು ಕಾದ.

"ಹತ್ತಿದೆ, ಮಿಸ್," ಎಂದ.